ದೋರ್ನಕಲ್‌ನ ಬಿಷಪ್ ಅಜರಯ್ಯ: ಹಳ್ಳಿಯ ಬುಡದಿಂದ ಸಭೆ ಕಟ್ಟಿದ ದೂರದರ್ಶಿ

ಕಲ್ಕತ್ತದ ಸಂತ ಪೌಲರ ಮಹಾದೇವಾಲಯದಲ್ಲಿ 1912ರ ಡಿಸೆಂಬರ್ 29ರಂದು 38 ವರ್ಷ ವಯಸ್ಸಿನ ತಮಿಳರೊಬ್ಬರು ಬಿಷಪ್ ಪದವಿಯ ದೀಕ್ಷೆ ಪಡೆದರು. ಆಂಗ್ಲಿಕನ್ ಸಭೆಗೆ ಭಾರತದಲ್ಲಿ ಮೊದಲ ಬಿಷಪ್ ನೇಮಕಗೊಂಡದ್ದು 1814ರಲ್ಲಿ. ಅಂದಿನಿಂದ ಸುಮಾರು ಒಂದು ಶತಮಾನ ಕಾಲ ಆ ಪೀಠಗಳನ್ನು ಅಲಂಕರಿಸಿದವರೆಲ್ಲ ಯುರೋಪಿಯನ್ನರೇ. ಆ ಪರಂಪರೆ ಮುರಿದು ಭಾರತೀಯನೊಬ್ಬ ಧರ್ಮಾಧ್ಯಕ್ಷನಾದದ್ದು ಅಂದು ಸಣ್ಣ ಸಂಗತಿಯಾಗಿರಲಿಲ್ಲ. ಹೀಗೆ ಪೀಠವೇರಿದವರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ಅವರಿಗೆ ದೊರೆತದ್ದು ಮದ್ರಾಸು, ಮುಂಬಯಿಗಳಂಥ ಪ್ರತಿಷ್ಠಿತ ಪೀಠವಲ್ಲ. ಹೈದರಾಬಾದ್ ನಿಜಾಮರ ಸಂಸ್ಥಾನದ ಒಂದು ಮೂಲೆಯಲ್ಲಿದ್ದ, ಬಡ ತೆಲುಗು ಹಳ್ಳಿಗಳ ದೋರ್ನಕಲ್. ಆ ಮೂಲೆಯಿಂದಲೇ ಅವರು ಮುಂದಿನ 32 ವರ್ಷಗಳಲ್ಲಿ ದಕ್ಷಿಣ ಭಾರತದ ಕ್ರೈಸ್ತ ಸಭೆಯ ಸ್ವರೂಪವನ್ನೇ ಬದಲಿಸಿದರು.

ಧಾರ್ಮಿಕ ನಾಯಕರೆಂದರೆ ಬೋಧಕರು, ಭಕ್ತರು ಎಂದಷ್ಟೇ ನಾವು ಭಾವಿಸುತ್ತೇವೆ. ಸಂಸ್ಥೆಯೊಂದನ್ನು ಕಟ್ಟಲು ಬೇಕಾದ ಮುಂದಾಲೋಚನೆ, ಜನರನ್ನು ಆರಿಸಿ ತರಬೇತಿಗೊಳಿಸುವ ತಾಳ್ಮೆ, ಹಣದ ವಿಷಯದಲ್ಲಿ ಸ್ವಾವಲಂಬನೆಯ ಹಟ, ತಾನು ಹೋದ ಮೇಲೂ ಕೆಲಸ ನಿಲ್ಲದಂತೆ ಮಾಡುವ ವ್ಯವಸ್ಥೆ ಇವೆಲ್ಲ ಒಬ್ಬರಲ್ಲೇ ಕೂಡಿಬರುವುದು ಅಪರೂಪ. ಅಜರಯ್ಯನವರ ಬದುಕು ಅಂಥ ಅಪರೂಪದ ನಿದರ್ಶನ.

ಬಾಲ್ಯ ಮತ್ತು ವಿದ್ಯಾಭ್ಯಾಸ

ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ 1874ರ ಆಗಸ್ಟ್ 17ರಂದು ಅಜರಯ್ಯ ಜನಿಸಿದರು. ತಂದೆ ಥಾಮಸ್ ವೇದನಾಯಗಂ ಹಳ್ಳಿಯ ಸಭಾಪಾಲಕರು; ಹಿಂದೂ ಮನೆತನದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿದವರು. ತಾಯಿ ಎಲೆನ್. ಮೊದಲ ಮಗಳು ಹುಟ್ಟಿದ ಮೇಲೆ ಬಹುಕಾಲ ಮತ್ತೊಂದು ಮಗುವಿಗಾಗಿ ಪ್ರಾರ್ಥಿಸಿದ್ದ ಆಕೆ, ಬೈಬಲಿನ ಹನ್ನಳ ಕಥೆಯನ್ನು ನೆನೆದು ಮಗನಿಗೆ ಸ್ಯಾಮ್ಯುಯೆಲ್ ಎಂಬ ಹೆಸರನ್ನಿಟ್ಟರು. ಕುಟುಂಬ ನಾಡಾರ್ ಸಮುದಾಯಕ್ಕೆ ಸೇರಿತ್ತು. ಅಂದಿನ ಜಾತಿ ಶ್ರೇಣಿಯಲ್ಲಿ ಕೆಳಗೆ ತಳ್ಳಲ್ಪಟ್ಟಿದ್ದ ಈ ಸಮುದಾಯ ವಿದ್ಯೆ ಮತ್ತು ವ್ಯಾಪಾರಗಳ ಬಲದಿಂದ ಮೇಲೇರುತ್ತಿದ್ದ ಕಾಲವದು. ಮುಂದೆ ಅಜರಯ್ಯನವರು ತೆಲುಗು ಹಳ್ಳಿಗಳ ದಲಿತರ ನಡುವೆ ದುಡಿಯುವಾಗ ಈ ಹಿನ್ನೆಲೆ ಅವರ ಅರಿವಿನಲ್ಲಿ ಸದಾ ಇತ್ತು.

ತಂದೆ 1889ರಲ್ಲಿ ತೀರಿಕೊಂಡಾಗ ಬಾಲಕನಿಗೆ ಹದಿನೈದರ ಆಸುಪಾಸು. ಮಗನ ವಿದ್ಯಾಭ್ಯಾಸದ ಹೊಣೆ ತಾಯಿಯ ಹೆಗಲಿಗೆ ಬಂತು. ಮೆಂಞಾನಪುರಂನ ವಸತಿಶಾಲೆ, ತಿರುನೆಲ್ವೇಲಿಯ ಮಿಷನ್ ಕಾಲೇಜು, ಕೊನೆಗೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಎಂದು ಓದು ಸಾಗಿತು. ಆದರೆ ಅನಾರೋಗ್ಯದ ಕಾರಣ ಅವರು ಪದವಿಯನ್ನು ಪೂರ್ಣಗೊಳಿಸಲಿಲ್ಲ. ಪದವಿಯಿಲ್ಲದ ಯುವಕ 1895ರಲ್ಲಿ ವೈಎಂಸಿಎ ಸಂಸ್ಥೆಯ ಕಾರ್ಯದರ್ಶಿಯಾಗಿ ಸೇರಿದರು. ಮುಂದಿನ 14 ವರ್ಷ ಅದೇ ಅವರ ವಿಶ್ವವಿದ್ಯಾಲಯವಾಯಿತು. ಊರೂರು ಸುತ್ತಿ ತರುಣರನ್ನು ಸಂಘಟಿಸುವುದು, ಸಭೆ ಸೇರಿಸುವುದು, ಪತ್ರವ್ಯವಹಾರ, ಲೆಕ್ಕಪತ್ರ, ಬೇರೆ ಬೇರೆ ಪಂಗಡಗಳವರೊಂದಿಗೆ ಕೂಡಿ ಕೆಲಸ ಮಾಡುವುದು ಇವೆಲ್ಲವನ್ನೂ ಅವರು ಅಲ್ಲಿ ಕಲಿತರು. ಅಮೆರಿಕದಿಂದ ಬಂದಿದ್ದ ಶೆರ್‌ವುಡ್ ಎಡ್ಡಿ ಇಲ್ಲಿಯೇ ಅವರ ಆಪ್ತ ಮಿತ್ರರಾದರು. 1898ರಲ್ಲಿ ಅನ್ಬು ಮಾರಿಯಮ್ಮಾಳ್ ಅವರೊಂದಿಗೆ ವಿವಾಹವಾಯಿತು. ದಕ್ಷಿಣ ಭಾರತದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಕ್ರೈಸ್ತ ಮಹಿಳೆಯರಲ್ಲಿ ಆಕೆಯೂ ಒಬ್ಬರು. ಮುಂದೆ ಪತಿಯ ಕಾರ್ಯದಲ್ಲಿ ಅವರು ಸಮಪಾಲು ಹೊತ್ತರು.

ಸ್ವಂತ ಕಾಲಮೇಲೆ ನಿಲ್ಲುವ ಸಂಕಲ್ಪ

1902ರಲ್ಲಿ ಅಜರಯ್ಯನವರು ಶ್ರೀಲಂಕಾದ ಜಾಫ್ನಾಕ್ಕೆ ಹೋದಾಗ ಒಂದು ಸಂಗತಿ ಅವರ ಮನಸ್ಸನ್ನು ಕಲಕಿತು. ಅಲ್ಲಿನ ತಮಿಳು ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರಾದರೂ ತಮ್ಮದೇ ಹಣದಿಂದ ಸೇವಕರನ್ನು ಬೇರೆ ಪ್ರದೇಶಗಳಿಗೆ ಕಳುಹಿಸುತ್ತಿದ್ದರು. ಅವರಿಗಿಂತ ಎಷ್ಟೋ ದೊಡ್ಡದಾದ, ಹೆಚ್ಚು ಹಳೆಯದಾದ ತಿರುನೆಲ್ವೇಲಿಯ ಸಭೆ ಮಾತ್ರ ಎಲ್ಲಕ್ಕೂ ವಿಲಾಯತಿಯ ಸಂಘಗಳ ಕಡೆಗೇ ಮುಖ ಮಾಡಿ ಕುಳಿತಿತ್ತು. ಕೊಡುವುದನ್ನು ಕಲಿಯದ ಸಭೆ ಎಂದಿಗೂ ಬೆಳೆಯುವುದಿಲ್ಲ ಎಂಬ ಅರಿವು ಅವರಲ್ಲಿ ಅಂದು ಬೇರೂರಿತು.

ಅದರ ಫಲವಾಗಿ 1903ರ ಫೆಬ್ರವರಿ 12ರಂದು ಪಾಳಯಂಕೋಟೆಯಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘ ಸ್ಥಾಪನೆಯಾಯಿತು. ಅದರ ನಿಯಮ ಸರಳವಾಗಿತ್ತು: ದುಡಿಯುವವರು ಭಾರತೀಯರು, ಹಣ ಭಾರತೀಯರದು, ಆಡಳಿತವೂ ಭಾರತೀಯರದೇ. ಸ್ವದೇಶಿ ಚಳವಳಿ ಬಂಗಾಳದಲ್ಲಿ ಭುಗಿಲೇಳುವುದಕ್ಕೂ ಎರಡು ವರ್ಷ ಮೊದಲಿನ ಮಾತಿದು. ಸಂಘವು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡದ್ದು ಬೇರೆ ಮಿಷನ್‌ಗಳು ಕಾಲಿಡದಿದ್ದ ದೋರ್ನಕಲ್ ಸುತ್ತಲಿನ ತೆಲುಗು ನಾಡನ್ನು. ತಮಿಳರಿಗೆ ಅದು ಅಕ್ಷರಶಃ ಪರದೇಶ. ಭಾಷೆ ಬೇರೆ, ಆಳುವ ದೊರೆ ಬೇರೆ.

ಎರಡನೆಯ ಹೆಜ್ಜೆ ಇನ್ನೂ ವಿಶಾಲವಾದದ್ದು. 1905ರ ಡಿಸೆಂಬರ್ 25ರಂದು ಬಂಗಾಳದ ಶ್ರೀರಾಂಪುರದಲ್ಲಿ, ವಿಲಿಯಂ ಕೇರಿಯವರ ಗ್ರಂಥಾಲಯದಲ್ಲಿ, ನಾನಾ ಪ್ರಾಂತಗಳ ಮತ್ತು ನಾನಾ ಪಂಗಡಗಳ ಭಾರತೀಯ ಕ್ರೈಸ್ತರು ಸೇರಿ ರಾಷ್ಟ್ರೀಯ ಮಿಷನರಿ ಸಂಘವನ್ನು ಕಟ್ಟಿದರು. ಅದರ ಸ್ಥಾಪಕರಲ್ಲಿ ಅಜರಯ್ಯ ಪ್ರಮುಖರು. ಒಂದು ಜಿಲ್ಲೆಯಲ್ಲಿ ಪರೀಕ್ಷಿಸಿದ ತತ್ತ್ವವನ್ನು ಇಡೀ ದೇಶಕ್ಕೆ ವಿಸ್ತರಿಸುವ ಯೋಜನೆ ಇದಾಗಿತ್ತು.

ಬೇರೆಯವರನ್ನು ಕಳುಹಿಸಿ ತಾವು ಮದ್ರಾಸಿನಲ್ಲಿ ಸುಖವಾಗಿರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ವೈಎಂಸಿಎಯ ಗೌರವದ ಹುದ್ದೆಯನ್ನು ತೊರೆದು, 1909ರಲ್ಲಿ ಗುರುದೀಕ್ಷೆ ಪಡೆದು, ಅವರು ಸಂಸಾರಸಮೇತ ದೋರ್ನಕಲ್‌ಗೆ ಹೋದರು. ಆರಂಭದಲ್ಲಿ ಡೇರೆಯೇ ಮನೆ. ಮೂವತ್ತೈದರ ವಯಸ್ಸಿನಲ್ಲಿ ತೆಲುಗು ವರ್ಣಮಾಲೆಯನ್ನು ತಿದ್ದಲು ಕುಳಿತರು.

ಎಡಿನ್‌ಬರೋದಲ್ಲಿ ಆಡಿದ ಕಟುಸತ್ಯ

1910ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕೂ ಕಡಿಮೆ. ಆ ಸಭೆಯಲ್ಲಿ ವಿದೇಶಿ ಮಿಷನರಿಗಳಿಗೂ ಸ್ಥಳೀಯ ಸೇವಕರಿಗೂ ಇರುವ ಸಂಬಂಧದ ಕುರಿತು ಮಾತನಾಡುವ ಹೊಣೆ ಅಜರಯ್ಯನವರ ಪಾಲಿಗೆ ಬಂತು. ಸೌಜನ್ಯದ ಮಾತುಗಳಿಂದ ಮುಗಿಸಬಹುದಾಗಿದ್ದ ಭಾಷಣವನ್ನು ಅವರು ಹಾಗೆ ಮುಗಿಸಲಿಲ್ಲ. ಮಿಷನರಿಗಳು ತಮ್ಮ ಭಾರತೀಯ ಸಹೋದ್ಯೋಗಿಗಳನ್ನು ಮನೆಗೆ ಕರೆಯುವುದಿಲ್ಲ, ಜೊತೆಯಲ್ಲಿ ಕುಳಿತು ಉಣ್ಣುವುದಿಲ್ಲ, ಒಡೆಯ ಮತ್ತು ಆಳಿನ ಭಾವ ಇಬ್ಬರ ನಡುವೆ ಗೋಡೆಯಾಗಿ ನಿಂತಿದೆ ಎಂದು ಅವರು ನೇರವಾಗಿ ನುಡಿದರು. ವಿದೇಶದ ಜನ ತ್ಯಾಗ ಮಾಡಿದ್ದಾರೆ, ದಾನ ಕೊಟ್ಟಿದ್ದಾರೆ ಎಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಂಡೇ, ಭಾರತಕ್ಕೆ ಅದಕ್ಕಿಂತ ಮಿಗಿಲಾಗಿ ಬೇಕಾದದ್ದು ಸ್ನೇಹ ಎಂದು ಬೇಡಿಕೆಯಿಟ್ಟರು.

ಸಭೆಯಲ್ಲಿ ಅನೇಕರಿಗೆ ಇರಿಸುಮುರಿಸಾಯಿತು. ಭಾರತದಿಂದ ಬಂದಿದ್ದ ಕೆಲವು ಮಿಷನರಿಗಳು ಕುಪಿತರಾದರು. ಆದರೆ ಆ ಶತಮಾನದ ಕ್ರೈಸ್ತ ಇತಿಹಾಸದಲ್ಲಿ ಆ ಭಾಷಣ ಒಂದು ಮೈಲಿಗಲ್ಲಾಗಿ ಉಳಿಯಿತು. ಸ್ಥಳೀಯ ನಾಯಕತ್ವಕ್ಕೆ ಅಧಿಕಾರ ಹಸ್ತಾಂತರಿಸದೆ ಮಿಷನ್‌ಗಳಿಗೆ ಭವಿಷ್ಯವಿಲ್ಲ ಎಂಬ ಮಾತನ್ನು ಅಷ್ಟು ದೊಡ್ಡ ವೇದಿಕೆಯಲ್ಲಿ ಆಳಲ್ಪಡುವ ದೇಶದವನೊಬ್ಬ ಹೇಳಿದ್ದು ಅದೇ ಮೊದಲು ಎನ್ನಬೇಕು.

ವಿರೋಧದ ನಡುವೆ ಪೀಠಾರೋಹಣ

ಅಜರಯ್ಯನವರನ್ನು ಬಿಷಪ್ ಮಾಡಬೇಕೆಂದು ಹಟ ಹಿಡಿದವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ತೆಲುಗು ಹಳ್ಳಿಗಳಲ್ಲಿ ದಲಿತರು ಗುಂಪುಗುಂಪಾಗಿ ಸಭೆ ಸೇರುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರಿಗೆ, ಈ ಜನಸಮೂಹವನ್ನು ಮುನ್ನಡೆಸಲು ಭಾರತೀಯನೇ ಬೇಕೆಂಬುದು ಮನವರಿಕೆಯಾಗಿತ್ತು. ವಿರೋಧ ಎರಡು ಕಡೆಯಿಂದ ಬಂತು. ಕಪ್ಪು ಚರ್ಮದ ಬಿಷಪ್‌ನ ಅಧೀನದಲ್ಲಿ ಬಿಳಿಯರು ಕೆಲಸ ಮಾಡುವುದುಂಟೇ ಎಂಬುದು ಕೆಲವು ಯುರೋಪಿಯನ್ನರ ಶಂಕೆ. ಭಾರತೀಯ ಕ್ರೈಸ್ತರಲ್ಲೂ ಕೆಲವರಿಗೆ ಜಾತಿಯ ಮತ್ತು ಅಸೂಯೆಯ ಕಾರಣಗಳಿಂದ ಈ ಆಯ್ಕೆ ರುಚಿಸಲಿಲ್ಲ. ಕೊನೆಗೆ ದೋರ್ನಕಲ್ ಎಂಬ ಪುಟ್ಟ ಧರ್ಮಪ್ರಾಂತ್ಯವೊಂದನ್ನು ಹೊಸದಾಗಿ ರೂಪಿಸಿ ಅವರಿಗೆ ವಹಿಸಲಾಯಿತು.

ಅಲ್ಲಿ ಅವರು ತೋರಿದ ಸಾಮರ್ಥ್ಯವೇ ಶಂಕೆಗೆ ಉತ್ತರವಾಯಿತು. 1920ರಲ್ಲಿ ಕೃಷ್ಣಾ ತೀರದ ಬ್ರಿಟಿಷ್ ಆಂಧ್ರದ ವಿಶಾಲ ಪ್ರದೇಶಗಳನ್ನು ದೋರ್ನಕಲ್‌ಗೆ ಸೇರಿಸಲಾಯಿತು. ಯುರೋಪಿಯನ್ ಮಿಷನರಿಗಳೂ ಅವರ ಆಡಳಿತಕ್ಕೆ ಒಳಪಟ್ಟರು. ಹಾಗಿದ್ದರೂ 1945ರಲ್ಲಿ ಅವರು ಕಣ್ಮುಚ್ಚುವವರೆಗೆ ಇಡೀ ಭಾರತದ ಆಂಗ್ಲಿಕನ್ ಸಭೆಯಲ್ಲಿ ಸ್ವತಂತ್ರ ಧರ್ಮಪ್ರಾಂತ್ಯವನ್ನು ಆಳಿದ ಭಾರತೀಯ ಬಿಷಪ್ ಅವರೊಬ್ಬರೇ ಎಂಬುದು ಆ ಕಾಲದ ಮನೋಭಾವಕ್ಕೆ ಸಾಕ್ಷಿ.

ದೋರ್ನಕಲ್ ಮಾದರಿ

ಸಭೆಗೆ ಬರುತ್ತಿದ್ದವರಲ್ಲಿ ಬಹುಪಾಲು ಮಾಲ ಮತ್ತು ಮಾದಿಗ ಸಮುದಾಯಗಳವರು. ಅಕ್ಷರವಿಲ್ಲ, ಭೂಮಿಯಿಲ್ಲ, ಊರ ಬಾವಿಯ ನೀರಿಲ್ಲ. ಹೊಲದ ಕೂಲಿಯೇ ಜೀವನ. ಇಂಥ ಜನರ ನಡುವೆ, ನೂರಾರು ಹಳ್ಳಿಗಳಲ್ಲಿ, ಕೈಯಲ್ಲಿ ಹೆಚ್ಚು ಹಣವಿಲ್ಲದೆ ಸಭೆಯನ್ನು ಕಟ್ಟುವುದು ಹೇಗೆ? ಅಜರಯ್ಯನವರ ಉತ್ತರವನ್ನು ಇಂದಿನ ಆಡಳಿತ ಪರಿಭಾಷೆಯಲ್ಲಿ ಕಾರ್ಯತಂತ್ರ ಎನ್ನಬಹುದು.

ಮೊದಲನೆಯದು ಜನ. ಪಟ್ಟಣದಲ್ಲಿ ಇಂಗ್ಲಿಷ್ ಕಲಿತ ಗುರುಗಳನ್ನು ಹಳ್ಳಿಗೆ ತರುವ ಬದಲು ಹಳ್ಳಿಯವರನ್ನೇ ಉಪದೇಶಕರನ್ನಾಗಿ ತಯಾರಿಸುವುದು ಅವರ ಮಾರ್ಗ. ದೋರ್ನಕಲ್‌ನ ತರಬೇತಿ ಶಾಲೆಯಲ್ಲಿ ಪಾಠವೆಲ್ಲ ತೆಲುಗಿನಲ್ಲಿ. ವಿದ್ಯಾರ್ಥಿಗಳು ಹೆಂಡತಿ ಮಕ್ಕಳೊಡನೆ ಬಂದು ನೆಲೆಸುತ್ತಿದ್ದರು. ಪತ್ನಿಯರಿಗೂ ಓದು, ಆರೋಗ್ಯ, ಮಕ್ಕಳ ಪಾಲನೆಯ ಶಿಕ್ಷಣವಿತ್ತು. ಗಂಡ ಬೋಧಿಸಿ ಹೆಂಡತಿ ಹಳೆಯ ರೂಢಿಯಲ್ಲೇ ಉಳಿದರೆ ಹಳ್ಳಿ ಬದಲಾಗದು ಎಂಬುದು ಅವರ ಎಣಿಕೆ. ಉಪದೇಶಕರಾಗಿ ಹಲವು ವರ್ಷ ಹಳ್ಳಿಯಲ್ಲಿ ದುಡಿದು, ಪರೀಕ್ಷೆಗೆ ನಿಂತು ಗೆದ್ದವರಿಗೆ ಮಾತ್ರ ಗುರುದೀಕ್ಷೆ. ಬೆರಳೆಣಿಕೆಯ ಭಾರತೀಯ ಸಭಾಪಾಲಕರಿಂದ ಆರಂಭವಾದ ಧರ್ಮಪ್ರಾಂತ್ಯದಲ್ಲಿ ಅವರ ಸಂಖ್ಯೆ ನೂರನ್ನು ಮೀರಿತು.

ಎರಡನೆಯದು ಹಣ. ಬಡವನಿಗೂ ಕೊಡುವ ಹಕ್ಕಿದೆ, ಅದನ್ನು ಅವನಿಂದ ಕಿತ್ತುಕೊಳ್ಳಬಾರದು ಎಂಬುದು ಅಜರಯ್ಯನವರ ನಿಲುವು. ಅಡುಗೆಗೆ ಅಕ್ಕಿ ಅಳೆಯುವಾಗ ಹಿಡಿ ಅಕ್ಕಿಯನ್ನು ದೇವರ ಪಾಲೆಂದು ತೆಗೆದಿಡುವ ಪದ್ಧತಿ, ಸುಗ್ಗಿಯ ಹಬ್ಬದಲ್ಲಿ ಕಾಳು, ಕೋಳಿ, ತರಕಾರಿಗಳನ್ನು ತಂದು ಅರ್ಪಿಸುವ ಪದ್ಧತಿ ಇವಕ್ಕೆ ಅವರು ಬಲವಾದ ಉತ್ತೇಜನ ಕೊಟ್ಟರು. ಕ್ರೈಸ್ತ ದಾನಧರ್ಮವನ್ನು ಕುರಿತು ಅವರು ಬರೆದ ಪುಸ್ತಕ ಬೇರೆ ಬೇರೆ ಭಾಷೆಗಳಲ್ಲಿ ಪ್ರಚಾರ ಪಡೆಯಿತು. ವಿದೇಶಿ ಸಂಘಗಳ ನೆರವು ಅವರ ಕಾಲದಲ್ಲಿ ಪೂರ್ತಿ ನಿಂತುಹೋಯಿತೆಂದಲ್ಲ. ಶಾಲೆ, ಆಸ್ಪತ್ರೆಗಳಿಗೆ ಅದು ಬೇಕೇ ಆಗಿತ್ತು. ಆದರೆ ಹಳ್ಳಿಯ ಸಭೆ ತನ್ನ ಸಭಾಪಾಲಕನನ್ನು ತಾನೇ ಸಾಕಬೇಕೆಂಬ ಗುರಿಯನ್ನು ಅವರು ಎಂದೂ ಸಡಿಲಿಸಲಿಲ್ಲ.

ಮೂರನೆಯದು ಶಿಸ್ತು ಮತ್ತು ಹೊಣೆ. ಮದ್ಯಪಾನದ ವಿರುದ್ಧ ಅವರು ಬಿಡದೆ ಹೋರಾಡಿದರು; ಕೂಲಿಯ ಹಣ ಸೇಂದಿ ಅಂಗಡಿಗೆ ಹೋಗುವವರೆಗೆ ಬಡತನ ತೊಲಗದೆಂದು ಅವರಿಗೆ ತಿಳಿದಿತ್ತು. ಸ್ಥಿರೀಕರಣಕ್ಕೆ ಬಂದ ಪ್ರತಿಯೊಬ್ಬನಿಂದಲೂ ತನ್ನ ನಂಬಿಕೆಯನ್ನು ಇತರರಿಗೆ ಸಾರುವೆನೆಂಬ ವಚನವನ್ನು ಪಡೆಯುತ್ತಿದ್ದರು. ವರ್ಷಕ್ಕೊಂದು ವಾರ ಸಾಮಾನ್ಯ ಕೂಲಿಕಾರರು, ಹೆಂಗಸರು ಕೂಡ ಹಾಡುತ್ತ ನೆರೆಹಳ್ಳಿಗಳಿಗೆ ಹೋಗುವ ಏರ್ಪಾಡಿತ್ತು. ಸಭೆಯ ಕೆಲಸ ಸಂಬಳದವರದಷ್ಟೇ ಅಲ್ಲ ಎಂಬುದನ್ನು ಹೀಗೆ ರೂಢಿಗೆ ತಂದರು.

ಇದನ್ನೆಲ್ಲ ಅವರು ಕುರ್ಚಿಯಲ್ಲಿ ಕುಳಿತು ಮಾಡಿಸಲಿಲ್ಲ. ಎತ್ತಿನ ಗಾಡಿಯಲ್ಲಿ, ಸೈಕಲ್ ಮೇಲೆ, ಕಾಲ್ನಡಿಗೆಯಲ್ಲಿ ವರ್ಷದ ಹಲವು ತಿಂಗಳು ಹಳ್ಳಿ ಸುತ್ತುತ್ತಿದ್ದರು. ಮರದ ನೆರಳಲ್ಲಿ ಕುಳಿತು ಜನರ ಜಗಳ ಬಿಡಿಸುವುದು, ಮಕ್ಕಳಿಗೆ ಪ್ರಶ್ನೆ ಕೇಳುವುದು, ಉಪದೇಶಕನ ದಾಖಲೆ ಪುಸ್ತಕ ನೋಡುವುದು ಎಲ್ಲವೂ ಬಿಷಪ್‌ರ ಕೆಲಸವೇ. 1940ರ ದಶಕದ ಆರಂಭದ ವೇಳೆಗೆ ಧರ್ಮಪ್ರಾಂತ್ಯದ ಕ್ರೈಸ್ತರ ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು.

ಈ ದರ್ಶನಕ್ಕೆ ಕಲ್ಲಿನ ರೂಪ ಕೊಟ್ಟಂತೆ ನಿಂತಿರುವುದು ದೋರ್ನಕಲ್‌ನ ಎಪಿಫನಿ ಮಹಾದೇವಾಲಯ. ದೀರ್ಘಕಾಲದ ನಿರ್ಮಾಣದ ನಂತರ 1939ರ ಜನವರಿ 6ರಂದು ಇದರ ಪ್ರತಿಷ್ಠೆ ನಡೆಯಿತು. ಇಂಗ್ಲೆಂಡಿನ ಚೂಪು ಗೋಪುರಗಳ ಅನುಕರಣೆ ಇಲ್ಲಿಲ್ಲ. ದ್ರಾವಿಡ ದೇವಾಲಯಗಳ ಕಂಬಗಳು, ಮುಸ್ಲಿಂ ವಾಸ್ತುವಿನ ಗುಮ್ಮಟ ಮತ್ತು ಮಿನಾರುಗಳು ಶಿಲುಬೆಯೊಡನೆ ಒಂದಾಗಿವೆ. ಇಂದು ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಗೆ ಸೇರಿರುವ ಆ ರೈಲ್ವೆ ಜಂಕ್ಷನ್ ಊರಿಗೆ ಹೋದವರ ಕಣ್ಣನ್ನು ಈ ಕಟ್ಟಡ ಸೆಳೆಯುತ್ತದೆ.

ರಾಜಕಾರಣದ ಸುಳಿಯಲ್ಲಿ

1930ರ ದಶಕ ಅಜರಯ್ಯನವರಿಗೆ ಕಠಿಣ ಪರೀಕ್ಷೆಯ ಕಾಲ. ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಡುವ ವ್ಯವಸ್ಥೆಯನ್ನು ಅವರು ವಿರೋಧಿಸಿದರು. ಸಭೆ ಒಂದು ಜಾತಿಯಂತೆ, ಒಂದು ರಾಜಕೀಯ ಗುಂಪಿನಂತೆ ಬೇಲಿ ಹಾಕಿಕೊಳ್ಳಬಾರದು, ದೇಶದ ಸಾಮಾನ್ಯ ಜೀವನದಲ್ಲಿ ಬೆರೆಯಬೇಕು ಎಂಬುದು ಅವರ ವಾದ. ಈ ವಿಷಯದಲ್ಲಿ ಅವರದು ರಾಷ್ಟ್ರೀಯವಾದಿಗಳಿಗೆ ಹತ್ತಿರವಾದ ನಿಲುವು. ಆದರೆ ಮತಾಂತರದ ಪ್ರಶ್ನೆಯಲ್ಲಿ ಮಹಾತ್ಮ ಗಾಂಧಿಯವರಿಗೂ ಅವರಿಗೂ ಹೊಂದಾಣಿಕೆ ಸಾಧ್ಯವಾಗಲಿಲ್ಲ. 1935ರಲ್ಲಿ ಡಾ. ಅಂಬೇಡ್ಕರ್ ಅವರು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಮೇಲೆ ದಲಿತರ ಮತಾಂತರ ದೇಶದ ದೊಡ್ಡ ಚರ್ಚೆಯಾಯಿತು. ಬಡವರೂ ಅನಕ್ಷರಸ್ಥರೂ ಗುಂಪಾಗಿ ಮತ ಬದಲಿಸುವುದು ನಿಜವಾದ ಆಧ್ಯಾತ್ಮಿಕ ಪರಿವರ್ತನೆಯಲ್ಲ ಎಂಬುದು ಗಾಂಧೀಜಿಯವರ ಆಕ್ಷೇಪ. ದಲಿತನಿಗೂ ಆತ್ಮವಿದೆ, ವಿವೇಚನೆಯಿದೆ, ತನ್ನ ದಾರಿಯನ್ನು ಆರಿಸುವ ಸ್ವಾತಂತ್ರ್ಯವಿದೆ ಎಂಬುದು ಅಜರಯ್ಯನವರ ಉತ್ತರ. ಈ ವಿವಾದ ಅವರಿಬ್ಬರ ಬದುಕಿನೊಂದಿಗೆ ಮುಗಿಯಲಿಲ್ಲ.

ಸಭೆಯ ಒಳಗೂ ಎಲ್ಲವೂ ಸುಗಮವಾಗಿರಲಿಲ್ಲ. ಮಾಲ ಮತ್ತು ಮಾದಿಗರ ನಡುವಿನ ಹಳೆಯ ವೈಮನಸ್ಯ ದೀಕ್ಷಾಸ್ನಾನದಿಂದ ತೊಳೆದುಹೋಗಲಿಲ್ಲ. ಒಂದೇ ಪಾತ್ರೆಯಿಂದ ಪ್ರಭುಭೋಜನ ಸ್ವೀಕರಿಸುವ ಜನ ಒಂದೇ ಪಂಕ್ತಿಯಲ್ಲಿ ಉಣ್ಣಲು ಹಿಂಜರಿಯುತ್ತಿದ್ದರು. ಇದನ್ನು ಅವರು ನಿರಂತರ ಖಂಡಿಸಿದರು, ಗೆದ್ದದ್ದು ಭಾಗಶಃ ಮಾತ್ರ.

ಒಂದಾಗುವ ಕನಸು

ಅಜರಯ್ಯನವರ ದೂರದೃಷ್ಟಿಯ ಶಿಖರವೆಂದರೆ ಸಭೈಕ್ಯದ ಯೋಜನೆ. ಒಂದೇ ತಾಲ್ಲೂಕಿನ ಅಕ್ಕಪಕ್ಕದ ಹಳ್ಳಿಗಳಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಎಂಬ ಬೇರೆ ಬೇರೆ ಫಲಕಗಳು. ಇವೆಲ್ಲ ಯುರೋಪಿನ ಇತಿಹಾಸದ ಜಗಳಗಳಿಂದ ಹುಟ್ಟಿದವು. ತೆಲುಗು ರೈತನಿಗೆ ಅವುಗಳ ಅರ್ಥವೇ ತಿಳಿಯದು. ಪಾಶ್ಚಾತ್ಯರಿಗೆ ಐಕ್ಯ ಒಂದು ಒಳ್ಳೆಯ ಆದರ್ಶವಿರಬಹುದು, ಭಾರತದ ಸಭೆಗೆ ಅದು ಜೀವನ್ಮರಣದ ಪ್ರಶ್ನೆ ಎಂದು ಅವರು ವಿದೇಶದ ವೇದಿಕೆಗಳಲ್ಲೂ ಪ್ರತಿಪಾದಿಸಿದರು.

1706ರಲ್ಲಿ ಭಾರತದ ಮೊದಲ ಪ್ರಾಟೆಸ್ಟಂಟ್ ಮಿಷನರಿಗಳು ಬಂದಿಳಿದ ತರಂಗಂಬಾಡಿಯಲ್ಲಿ 1919ರ ಮೇ ತಿಂಗಳಲ್ಲಿ 33 ಮಂದಿ ಸಭಾನಾಯಕರು ಸೇರಿದರು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. ಅಜರಯ್ಯನವರ ಮುಂದಾಳತ್ವದಲ್ಲಿ ಅಲ್ಲಿ ಹೊರಬಿದ್ದ ಐಕ್ಯದ ಕರೆ 28 ವರ್ಷಗಳ ಮಾತುಕತೆಗೆ ನಾಂದಿಯಾಯಿತು. ಬಿಷಪ್ ಪದವಿ ಇರಬೇಕೇ, ಬಿಷಪ್‌ನಿಂದ ದೀಕ್ಷೆ ಪಡೆಯದ ಗುರುಗಳಿಗೆ ಮಾನ್ಯತೆ ಹೇಗೆ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ದಾರಿಗೆ ಅಡ್ಡ ಬಂದವು. ಬಿಷಪ್ ಪದವಿಯನ್ನು ಉಳಿಸಿಕೊಂಡು, ಅದನ್ನು ಸಂವಿಧಾನಕ್ಕೆ ಬದ್ಧಗೊಳಿಸಿ, ಈಗಾಗಲೇ ಸೇವೆಯಲ್ಲಿರುವ ಗುರುಗಳನ್ನು ಮರುದೀಕ್ಷೆಯಿಲ್ಲದೆ ಒಪ್ಪಿಕೊಳ್ಳುವ ಸೂತ್ರದತ್ತ ಮಾತುಕತೆ ನಿಧಾನವಾಗಿ ಸಾಗಿತು. 1929ರಿಂದ ರಾಷ್ಟ್ರೀಯ ಕ್ರೈಸ್ತ ಪರಿಷತ್ತಿನ ಅಧ್ಯಕ್ಷರಾಗಿಯೂ ಇದ್ದ ಅಜರಯ್ಯ ಸಂಯಮ ಕಳೆದುಕೊಳ್ಳದೆ ಎಲ್ಲ ಪಕ್ಷಗಳನ್ನೂ ಒಂದೇ ಮೇಜಿನ ಸುತ್ತ ಉಳಿಸಿಕೊಂಡರು.

ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಹಳ್ಳಿಗಳ ಪ್ರವಾಸದಿಂದ ಮರಳಿ ಜ್ವರಕ್ಕೆ ತುತ್ತಾದ ಅವರು 1945ರ ಜನವರಿ 1ರಂದು ದೋರ್ನಕಲ್‌ನಲ್ಲಿ ನಿಧನರಾದರು. ಅದೇ ತಿಂಗಳು ಆಂಗ್ಲಿಕನ್ ಮಹಾಸಭೆ ಐಕ್ಯ ಯೋಜನೆಗೆ ಒಪ್ಪಿಗೆಯಿತ್ತಿತು. 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಗಳ ನಂತರ, ಮದ್ರಾಸಿನ ಸಂತ ಜಾರ್ಜ್ ಮಹಾದೇವಾಲಯದಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಬಿಷಪ್ ಪರಂಪರೆಯ ಸಭೆಯೂ ಆ ಪರಂಪರೆಯಿಲ್ಲದ ಸಭೆಗಳೂ ಹೀಗೆ ಒಂದಾದದ್ದು ಜಗತ್ತಿನಲ್ಲಿಯೇ ಹೊಸತು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು, ಬಳ್ಳಾರಿಯ ಲಂಡನ್ ಮಿಷನ್ ಸಭೆಗಳು ಅದರ ಅಂಗವಾದವು. ಕರಾವಳಿ ಮತ್ತು ಧಾರವಾಡ ಭಾಗದ ಬಾಸೆಲ್ ಮಿಷನ್ ಪರಂಪರೆಯ ಸಭೆಗಳೂ ಅದರ ತೆಕ್ಕೆಗೆ ಬಂದವು. ಬೆಂಗಳೂರು, ಧಾರವಾಡ, ಮಂಗಳೂರುಗಳನ್ನು ಕೇಂದ್ರವಾಗಿಟ್ಟುಕೊಂಡ ಇಂದಿನ ಮೂರು ಸಿಎಸ್‌ಐ ಧರ್ಮಪ್ರಾಂತ್ಯಗಳ ಮೂಲದಲ್ಲಿ ತರಂಗಂಬಾಡಿಯ ಆ ಕರೆಯಿದೆ.

ಸಾರ್ವಜನಿಕ ಸಂಸ್ಥೆಗಳು ಒಬ್ಬ ವ್ಯಕ್ತಿಯ ವರ್ಚಸ್ಸಿನಿಂದ ಬೆಳೆದು, ಆ ವ್ಯಕ್ತಿಯೊಂದಿಗೇ ಬಾಡುವುದನ್ನು ನಾವು ಕಾಣುತ್ತಲೇ ಇದ್ದೇವೆ. ಅಜರಯ್ಯನವರು ತಮ್ಮ ಅಧಿಕಾರವನ್ನು ಹಂಚಿಕೊಳ್ಳಬಲ್ಲ ನೂರಾರು ಹಳ್ಳಿಗರನ್ನು ತಯಾರು ಮಾಡಿದರು. ಪರರ ಹಣಕ್ಕಿಂತ ಸ್ವಂತ ಹಿಡಿ ಅಕ್ಕಿಗೆ ಹೆಚ್ಚಿನ ಬೆಲೆ ಕಟ್ಟಿದರು. ತಾವು ಕಾಣಲಾಗದ ದಿನಕ್ಕಾಗಿ ಕಾಲು ಶತಮಾನ ದುಡಿದರು. ಧರ್ಮಸಂಸ್ಥೆಗಳನ್ನಷ್ಟೇ ಅಲ್ಲ, ಯಾವುದೇ ಸಂಘಸಂಸ್ಥೆಯನ್ನು ನಡೆಸುವವರೂ ಅವರ ಬದುಕಿನಿಂದ ಕಲಿಯಬೇಕಾದದ್ದು ಬಹಳವಿದೆ.